‘ಆತಾ ಹೂಂ’ ಅಂದಿದ್ದಕ್ಕೆ ಸಿಗದ ಪತ್ರ

ತಡೀರಿ. ಯಾವುದೋ ಕ್ಲಿನಿಕ್ಕಿನ ನಂಬರ್ ಹುಡುಕಿ ಅಪಾಯಿಂಟ್‌ಮೆಂಟ್ ಬುಕ್ ಮಾಡೋಕೆ ಬೆರಳು ಎತ್ತಿದ್ದರೆ ಅದನ್ನು ಹಾಗೇ ಗಾಳಿಯಲ್ಲಿ ಹಿಡಿದುಕೊಂಡು ಮೊದಲು ಇದನ್ನು ಓದಿ. ಒಬ್ಬ ಡಾಕ್ಟರು ನಮ್ಮ ಅವ್ವನ ಹರಕು ಹಿಂದಿಯನ್ನು ಸಾಕ್ಷಿ ಮಾಡಿಕೊಂಡು ನನ್ನ ಫೈಲು ಮುಚ್ಚಿದ ಕಥೆ ಇದರಲ್ಲಿ ಬರುತ್ತದೆ. ಅದಕ್ಕಾದರೂ ತಡೀರಿ.

ಹೋದ ವಾರ ಹೈದರಾಬಾದಿನ ನಾರಾಯಣಗೂಡದಲ್ಲಿ ಒಂದು ಹಳೇ ಕಟ್ಟಡದ ಮೆಟ್ಟಿಲು ಹತ್ತುತ್ತಿದ್ದೆ. ಮೂರನೇ ಮಹಡಿಯಲ್ಲಿ ನೋಟರಿ ಕೂರುತ್ತಾರೆ, ಹೆಸರು ಬದಲಾವಣೆಗೆ ಅಫಿಡವಿಟ್ ಮಾಡಿಸಬೇಕಿತ್ತು. ಎರಡನೇ ಮಹಡಿಗೆ ಬಂದೆ ನೋಡಿ, ಫಿನಾಯಿಲ್ ಮೇಲೆ ನಿಂಬೆಹುಲ್ಲಿನ ಸ್ಪ್ರೇ ಹೊಡೆದ ಆ ವಾಸನೆ! ಗೋಡೆ ಹಿಡಿದು ನಿಂತೆ. ಮೇಲಿಂದ ಇಳಿಯುತ್ತಿದ್ದ ಒಬ್ಬರು ಬಿಸಿಲು ಹತ್ತಿರಬೇಕು ಅಂದುಕೊಂಡು ನೀರಿನ ಬಾಟಲಿ ಕೊಟ್ಟರು. ಬಿಸಿಲಲ್ಲ ಅದು, ಹೇಸಿಗೆ. ಎರಡು ವರ್ಷ ಕಳೆದರೂ ಇಳಿಯದ ಹೇಸಿಗೆ. ಒಂದು ಪತ್ರಕ್ಕೆ ಅಲೆದ ಆ ಬೇಸಿಗೆಯನ್ನು ಬರೆದು ಹಾಕದಿದ್ದರೆ ಅದು ಇಳಿಯುವುದಿಲ್ಲ ಅಂತ ಅಲ್ಲೇ ಅನಿಸಿತು.

ನನಗೆ ಆಗ ಇಪ್ಪತ್ತೆರಡು. ಬಾಲಾನಗರದ ಒಂದು ಸಣ್ಣ ಮಷಿನ್ ಶಾಪಿನಲ್ಲಿ ಕ್ವಾಲಿಟಿ ನೋಡುವ ಕೆಲಸ. ಲೇತಿನಿಂದ ಇಳಿದ ತುಂಡುಗಳ ಅಳತೆ ಹಿಡಿದು ಇದು ಪಾಸು, ಇದು ಫೇಲು ಅನ್ನುವುದು. ಹುಟ್ಟಿದಾಗ ನನ್ನನ್ನು ಹೆಣ್ಣು ಅಂತ ಬರೆಸಿದ್ದರು, ನಾನು ಗಂಡು. ಇದು ಯಾವಾಗ ಗೊತ್ತಾಯಿತು, ಹೇಗೆ ಗೊತ್ತಾಯಿತು ಅಂತ ಇಲ್ಲಿ ಬರೆಯುವುದಿಲ್ಲ. ಆ ಬೇಸಿಗೆಯಲ್ಲಿ ಅದಕ್ಕೆ ಉತ್ತರ ಕೊಟ್ಟು ಕೊಟ್ಟು ಬಾಯಿ ಹುಣ್ಣಾಗಿದೆ.

ಹಾರ್ಮೋನ್ ಡಾಕ್ಟರನ್ನು ನಾನಾಗಿಯೇ ಹುಡುಕಿಕೊಂಡಿದ್ದೆ. ಅವರು ಒಳ್ಳೆಯವರೇ. “ಮನೋವೈದ್ಯರೋ ಸೈಕಾಲಜಿಸ್ಟೋ, ಯಾರಾದರೂ ಒಬ್ಬರು ನಿನ್ನನ್ನು ನೋಡಿ ಒಂದು ಪತ್ರ ಕೊಡಲಿ. ಮಾರನೇ ದಿನ ಶುರು ಮಾಡೋಣ” ಅಂದರು. ಒಂದು ಪತ್ರ. ನಾನು ಯೋಚಿಸಿದೆ, ಒಂದು ವಾರದ ಕೆಲಸ!

ಮನೆಯಲ್ಲಿ ನಾನು ಮತ್ತು ಅವ್ವ ಇಬ್ಬರೇ. ಮೂಲ ರಾಯಚೂರು ಕಡೆ. ಅಪ್ಪ ಇಲ್ಲೇ ಸರ್ಕಾರಿ ಆಫೀಸಿನಲ್ಲಿದ್ದರು, ತೀರಿಕೊಂಡ ಮೇಲೆ ಅನುಕಂಪದಲ್ಲಿ ಅವ್ವನಿಗೆ ಅದೇ ಆಫೀಸಿನ ರೆಕಾರ್ಡ್ ಸೆಕ್ಷನ್ನಿನಲ್ಲಿ ಕೆಲಸ ಸಿಕ್ಕಿತು. ಅವ್ವನಿಗೆ ದೇವರಿಗಿಂತ ಫೈಲಿನ ಮೇಲೆ ಹೆಚ್ಚು ನಂಬಿಕೆ. ನಾನು ವಿಷಯ ಹೇಳಿದ ದಿನ ಅವಳು ಅಳಲಿಲ್ಲ, ಬೈಯಲಿಲ್ಲ. ಹೆಚ್ಚುತ್ತಿದ್ದ ಬೆಂಡೆಕಾಯಿ ಬಿಟ್ಟು, ಕೈ ಒರೆಸಿಕೊಂಡು ಕೇಳಿದಳು:

“ಇದಕ್ಕ ಕಾಗದ ಯಾರು ಕೊಡ್ತಾರ?”

“ಡಾಕ್ಟರು ಕೊಡ್ತಾರವ್ವ.”

“ಹಂಗಾರ ಕೇಳು. ಡಾಕ್ಟರು ಸೀಲ್ ಹಾಕಿ ಕಾಗದ ಕೊಟ್ರ ನಾ ಒಪ್ಕೋತೀನಿ. ಮತ್ತ ತುಟಿ ಬಿಚ್ಚಂಗಿಲ್ಲ. ಕೊಡಲಿಲ್ಲಂದ್ರ ನೀ ಈ ಮಾತು ಈ ಮನ್ಯಾಗ ಎತ್ತಂಗಿಲ್ಲ. ಆತೇನು?”

“ಆತು.”

ಎಷ್ಟು ಸಲೀಸಾಗಿ ‘ಆತು’ ಅಂದುಬಿಟ್ಟೆ! ಔಷಧಿಯೂ ಅವ್ವನೂ ಎರಡೂ ಆ ಒಂದು ಹಾಳೆಯ ಮೇಲೆ ನಿಂತವು.

ಅವ್ವ ಇನ್ನೊಂದು ಷರತ್ತು ಸೇರಿಸಿದಳು. “ಮೊದಲ ನಮ್ಮೋರ ಹತ್ರ ಹೋಗು. ಕನ್ನಡದಾಗ ಹೇಳ್ಕೋಬಹುದು.” ನಾರಾಯಣಗೂಡದಲ್ಲಿ ನಮ್ಮ ಕಡೆಯ ಒಬ್ಬ ಕೌನ್ಸೆಲರ್ ಇದ್ದರು. ಎರಡನೇ ಮಹಡಿ, ನಿಂಬೆಹುಲ್ಲು, ಅದೇ. ಕುರ್ಚಿಯಲ್ಲಿ ಕೂತ ತಕ್ಷಣ ಅವರು ಕೇಳಿದ ಮೊದಲ ಪ್ರಶ್ನೆ ಯಾವುದು ಗೊತ್ತಾ?

“ಯಾರ ಪೈಕಿ ನೀವು?”

ಹೈದರಾಬಾದಿನಲ್ಲಿ ಇಬ್ಬರು ಕನ್ನಡದವರು ಎದುರಾದರೆ ಬರುವ ಮೊದಲ ಮಾತೇ ಇದು, ಮದುವೆ ಮನೆಯಲ್ಲಾದರೂ ಸರಿ, ಬಸ್ ಸ್ಟಾಪಿನಲ್ಲಾದರೂ ಸರಿ. ಆದರೆ ಎಲ್ಲಿ ಕೇಳಬೇಕು, ಎಲ್ಲಿ ಕೇಳಬಾರದು ಅಂತ ಒಂದು ಇಲ್ಲವಾ? ನಾನು ಪೆದ್ದುಪೆದ್ದಾಗಿ ಹೇಳಿದೆ. ಐದು ನಿಮಿಷದಲ್ಲಿ ಅವರು ನಮ್ಮ ಅಜ್ಜನ ಊರು, ಅಪ್ಪನ ಆಫೀಸು, ನಾಚಾರಂನಲ್ಲಿರುವ ನಮ್ಮ ಚಿಗವ್ವನ ಮನೆ ಎಲ್ಲಾ ಜೋಡಿಸಿ ಮುಗಿಸಿದರು. ಚಿಗವ್ವ ಅಂದರೆ ಅವ್ವನ ತಂಗಿ. ಆಮೇಲೆ ನಿಧಾನಕ್ಕೆ ನನ್ನ ವಿಷಯಕ್ಕೆ ಬಂದರು.

“ಯಾವನರ ಕೈ ಕೊಟ್ಟನೇನವಾ?”

“ಇಲ್ಲ ಸರ್.”

“ಮತ್ತ ಗಂಡಸರ ಮ್ಯಾಲೆ ಸಿಟ್ಟು ಯಾಕ?”

“ಸಿಟ್ಟಿಲ್ಲ ಸರ್. ನಾನೇ ಗಂಡು ಅಂತ ಹೇಳಾಕತ್ತೀನಿ.”

“ಅದ ಅದ. ಸಿಟ್ಟು ಹಿಂಗ ಬರ್ತೈತಿ. ಭಾಳ ಮಂದಿ ನೋಡೀನಿ ನಾ.”

ನಗುತ್ತಾ ಬೆನ್ನು ತಟ್ಟಿದರು. ತಟ್ಟಿದ ಕೈ ಅಲ್ಲೇ ಒಂದು ಗಳಿಗೆ ಇತ್ತು. ಇವತ್ತಿಗೂ ಆ ಅಂಗಿ ಹಾಕಿಕೊಳ್ಳುವುದಿಲ್ಲ ನಾನು.

ಮುಂದಿನ ಭಾನುವಾರ ಚಿಗವ್ವ ಫೋನು ಮಾಡಿದಳು. ಅವ್ವ ಸ್ಪೀಕರಿನಲ್ಲಿಟ್ಟು ರೊಟ್ಟಿ ಬಡಿಯುತ್ತಿದ್ದಳು. “ಅಕ್ಕಾ, ಹುಡುಗಿ ಜಾತಕ ಕಳಸು. ಡಾಕ್ಟರ್ರು ತಾವ ಖುದ್ದು ಹೇಳ್ಯಾರ, ಅವರ ತಮ್ಮನ ಮಗ ಅದಾನಂತ, ಹುಡುಗಗ ಎಲ್ಲಾ ಗೊತ್ತಿದ್ರೂ ನಡೀತೈತಂತ.”

ಎಲ್ಲಾ ಗೊತ್ತಿದ್ದರೂ! ಅಂದರೆ ಆ ಮನುಷ್ಯ ನಾನು ಬಾಗಿಲು ಮುಚ್ಚಿದ ಕೋಣೆಯಲ್ಲಿ ಹೇಳಿದ್ದನ್ನು ತಮ್ಮನ ಮನೆಯಲ್ಲಿ, ಚಿಗವ್ವನ ಮನೆಯಲ್ಲಿ, ಇನ್ನು ಎಲ್ಲೆಲ್ಲೋ ಹಂಚಿಕೊಂಡು ಬಂದಿದ್ದ. ಪತ್ರ ಕೇಳಲು ಹೋದವನಿಗೆ ವರ ಸಿಕ್ಕಿದ್ದ. ಅವ್ವ ಬಡಿಯುವುದು ನಿಲ್ಲಿಸಿ ಫೋನಿನ ಕಡೆ ನೋಡಿದಳು. “ರೆಕಾರ್ಡ್ ರೂಮಿನಾಗಿನ ಕಾಗದ ಹೊರಗ ಹಾಕಿದ್ರ ನಮ್ಮನ್ನ ಸಸ್ಪೆಂಡ್ ಮಾಡ್ತಾರ” ಅಂದಳು, ಅಷ್ಟೇ. ಫೋನು ಇಟ್ಟಳು. ‘ನಮ್ಮೋರು’ ಅನ್ನುವ ಷರತ್ತು ಅಲ್ಲಿಗೆ ಬಿದ್ದುಹೋಯಿತು.

ಎರಡನೆಯವರು ವಿಡಿಯೋದಲ್ಲಿ ಸಿಗುತ್ತಿದ್ದ ಮೇಡಂ. ಹಿಂದೆ ಗಿಡ, ಪುಸ್ತಕ, ಹಳದಿ ದೀಪ. ತಲೆ ಒಂದು ಕಡೆ ವಾಲಿಸಿಕೊಂಡು, ನಾನು ಏನು ಹೇಳಿದರೂ ‘ಐ ಹಿಯರ್ ಯು’ ಅನ್ನುತ್ತಿದ್ದರು. ಒಂದು ಸಲ ನೆಟ್ ಕಟ್ಟಾಗಿ ನನಗೆ ಅವರ ದನಿಯೇ ಬರುತ್ತಿರಲಿಲ್ಲ, “ಮೇಡಂ, ಕೇಳಿಸ್ತಿದೆಯಾ?” ಅಂದೆ, ತುಟಿ ನೋಡಿದರೆ ಅದೇ, ಐ ಹಿಯರ್ ಯು. ನಗು ಬಂತು. ಆದರೂ ಬಿಡಲಿಲ್ಲ, ಏಕೆಂದರೆ ಇವರು ಕನಿಷ್ಠ ಮದುವೆ ಅನ್ನಲಿಲ್ಲ. ಕನ್ನಡಿ ಮುಂದೆ ನಿಂತರೆ ಏನನಿಸುತ್ತದೆ, ಸ್ನಾನ ಮಾಡುವಾಗ ಏನನಿಸುತ್ತದೆ, ಕೇಳಿದ್ದಕ್ಕೆಲ್ಲ ಹೇಳಿದೆ. ಬಿಚ್ಚಿ ಬಿಚ್ಚಿ ಹೇಳಿದೆ. ಮೂರನೇ ಸಲ ಅವರು ಕಣ್ಣರಳಿಸಿ ಅಂದರು: “ನೀನು ಎಷ್ಟು ಧೈರ್ಯಸ್ಥ ಗೊತ್ತಾ? ನಮ್ಮ ಟ್ರೇನಿಗಳಿಗೆ ನಿನ್ನ ರೆಕಾರ್ಡಿಂಗ್ ಕೇಳಿಸಿದೆ. ಇಬ್ಬರು ಅತ್ತೇಬಿಟ್ಟರು!”

ರೆಕಾರ್ಡಿಂಗ್. ನನ್ನನ್ನು ಯಾರು ಕೇಳಿದ್ದರು? “ಫಾರ್ಮಿನಲ್ಲಿ ಇತ್ತಲ್ಲಾ, ನೀನು ಟಿಕ್ ಮಾಡಿದ್ದೆ” ಅಂದರು ಅದೇ ವಾಲಿದ ತಲೆಯಲ್ಲಿ. ಪತ್ರ ಯಾವಾಗ ಅಂದರೆ, “ಪತ್ರದ ಆತುರ ಯಾಕೆ, ಪಯಣವನ್ನು ಅನುಭವಿಸು.” ಲ್ಯಾಪ್‌ಟಾಪ್ ಮುಚ್ಚಿ ಹೋಗಿ ಬಾಯಿ ತೊಳೆದುಕೊಂಡು ಬಂದೆ. ಮಾತಾಡಿದ್ದು ನಾನು, ಎಂಜಲಾಗಿದ್ದೂ ನಾನೇ ಅನ್ನಿಸುತ್ತಿತ್ತು.

ಅದಾದ ಮೇಲೆ ನಾನು ಓದಲು ಕೂತೆ. ನನ್ನ ಸ್ವಭಾವವೇ ಹಾಗೆ, ಯಾರೂ ಕಲಿಸದಿದ್ದರೆ ನಾನೇ ಕಲಿಯುತ್ತೇನೆ. ಮೈಕ್ರೋಮೀಟರ್ ಹಿಡಿಯುವುದನ್ನೂ ಹಾಗೇ ಕಲಿತಿದ್ದು. ಪತ್ರದಲ್ಲಿ ಏನಿರಬೇಕು, ಯಾರು ಬರೆಯಬಹುದು, ಯಾವ ಪ್ರಶ್ನೆ ಬೇಕಾದದ್ದು, ಯಾವುದು ಬರೀ ಕುತೂಹಲದ್ದು, ಎಲ್ಲಾ ನೋಟ್‌ಬುಕ್ಕಿಗೆ ಇಳಿಸಿದೆ. ನಮ್ಮ ಶಾಪಿನಲ್ಲಿ ತೂತಿನ ಅಳತೆ ನೋಡಲು ಒಂದು ಗೇಜ್ ಇರುತ್ತದೆ, ಎರಡು ತುದಿಯದು. ಒಂದು ತುದಿ ತೂತಿನೊಳಗೆ ಹೋಗಲೇಬೇಕು, ಇನ್ನೊಂದು ಹೋಗಲೇಬಾರದು. ಎರಡೂ ಸರಿಯಾದರೆ ತುಂಡು ಪಾಸು. ನಾನು ಡಾಕ್ಟರುಗಳಿಗೆ ಅಂಥದೇ ಒಂದು ಗೇಜ್ ಮಾಡಿಕೊಂಡೆ. “ಇಂಥ ಪತ್ರ ಹಿಂದೆ ಬರೆದಿದ್ದೀರಾ?” ಅಂದರೆ ಹೌದು ಅನ್ನಬೇಕು. “ಇದನ್ನು ವಾಸಿ ಮಾಡ್ತೀರಾ?” ಅಂದರೆ ಇಲ್ಲ ಅನ್ನಬೇಕು. ನೋಡಿ, ಎಷ್ಟು ಚೆಂದ! ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡೆ.

ಊಟದ ಬಿಡುವಿನಲ್ಲಿ ಶಾಪಿನ ಹಿಂದೆ ನೀರಿನ ಟ್ಯಾಂಕಿನ ನೆರಳಿಗೆ ಹೋಗಿ ಫೋನು ಮಾಡುತ್ತಿದ್ದೆ. ಏಪ್ರಿಲ್ ಬಿಸಿಲಿಗೆ ತಗಡಿನ ಶೆಡ್ಡು ಚಟಪಟ ಅನ್ನುತ್ತಿತ್ತು. ಒಂದು ಕಡೆ ರಿಸೆಪ್ಷನಿಸ್ಟು ‘ಜೆಂಡರ್’ ಅನ್ನುವ ಶಬ್ದ ಕೇಳಿದ್ದೇ ತಡ, “ಜೆಂಡರ್ ಟೆಸ್ಟ್ ಇಕ್ಕಡ ಚೆಯ್ಯಮು ಮೇಡಂ! ಕೇಸೈತದಿ!” ಇಲ್ಲಿ ಮಾಡಲ್ಲ, ಕೇಸಾಗುತ್ತದೆ ಅಂತ ಕಿರುಚಿ ಫೋನು ಇಟ್ಟಳು. ಹೊಟ್ಟೆಯಲ್ಲಿರುವ ಕೂಸು ಗಂಡೋ ಹೆಣ್ಣೋ ನೋಡಿಸಲು ಕೇಳುತ್ತಿದ್ದೇನೆ ಅಂದುಕೊಂಡಿದ್ದಳು, ಪಾಪ. ಇನ್ನೊಂದು ಕಡೆ ಒಬ್ಬರು, “ವಾಸಿ ಮಾಡ್ತೀವಿ, ಗ್ಯಾರಂಟಿ” ಅಂದರು, ಪೈಲ್ಸ್ ಜಾಹೀರಾತಿನ ದನಿಯಲ್ಲಿ. ಮತ್ತೊಬ್ಬರು ನನ್ನ ಫೋಟೋ ಕೇಳಿದರು, ‘ಮೊದಲು ನೋಡಿ ಹೇಳ್ತೀನಿ’ ಅಂತ. ನಂಬರ್ ಬ್ಲಾಕ್ ಮಾಡಿ ಊಟದ ಡಬ್ಬಿ ಮುಚ್ಚಿದೆ. ಎಷ್ಟು ದಿನ ಡಬ್ಬಿ ಹಾಗೇ ಮನೆಗೆ ಹೋಗಿದೆಯೋ!

ಕೊನೆಗೆ ಒಬ್ಬರು ಗೇಜ್‌ನಲ್ಲಿ ಪಾಸಾದರು. ದೊಡ್ಡ ಮನೋವೈದ್ಯರು, ಉತ್ತರದ ಕಡೆಯಿಂದ ಬಂದವರು. ಪತ್ರ ಬರೆದಿದ್ದೇನೆ ಅಂದರು. ಇದು ರೋಗವಲ್ಲ, ವಾಸಿ ಮಾಡುವ ಮಾತೇ ಇಲ್ಲ ಅಂದರು. ಇಂಗ್ಲಿಷೋ ಹಿಂದಿಯೋ ಅಂತಲೂ ಕೇಳಿದರು. ನಾನು ಹಿಂದಿ ಅಂದೆ.

ಇಲ್ಲಿ ಹಿಂದಿ ಬಾರದವರಿಗೆ ಒಂದು ಮಾತು ಹೇಳಬೇಕು. ಕನ್ನಡದಲ್ಲಿ ‘ನಾನು ಬರುತ್ತೇನೆ’ ಅಂದರೆ ಹೇಳಿದವರು ಗಂಡೋ ಹೆಣ್ಣೋ ಗೊತ್ತಾಗುವುದಿಲ್ಲ. ಹಿಂದಿಯಲ್ಲಿ ಹಾಗಲ್ಲ. ಗಂಡಸು ‘ಆತಾ ಹೂಂ’ ಅನ್ನಬೇಕು, ಹೆಂಗಸು ‘ಆತೀ ಹೂಂ’ ಅನ್ನಬೇಕು. ಬಾಯಿ ತೆರೆದರೆ ತೀರಿತು. ನಾನು ಒಂಬತ್ತನೇ ಕ್ಲಾಸಿನಿಂದ ‘ಆತಾ ಹೂಂ’ ಅನ್ನುತ್ತಿದ್ದೆ. ಯಾರೂ ಏನೂ ಅಂದುಕೊಳ್ಳಲಿಲ್ಲ, ಏಕೆಂದರೆ ನಮ್ಮ ಕಡೆಯವರ ಹಿಂದಿ ಅಂದರೆ ಊರಿಗೆಲ್ಲ ತಮಾಷೆ. ನಮ್ಮಲ್ಲಿ ಬಸ್ಸು ಗಂಡಾಗುತ್ತದೆ, ಬಾಗಿಲು ಹೆಣ್ಣಾಗುತ್ತದೆ. ಅವ್ವ ತರಕಾರಿಯವನಿಗೆ “ಮೈ ಕಲ್ ಆತಾ” ಅನ್ನುತ್ತಾಳೆ, ಅವನು “ಆಜಾವ್ ಭೈಯಾ” ಅಂತ ಚೇಷ್ಟೆ ಮಾಡುತ್ತಾನೆ. ನನ್ನದೂ ಅದೇ ತಪ್ಪು ಅಂದುಕೊಂಡಿದ್ದರು. ಆ ತಪ್ಪಿನೊಳಗೆ ನಾನು ಎಂಟು ವರ್ಷ ಸುಖವಾಗಿ ಬದುಕಿದ್ದೆ. ನನ್ನನ್ನು ನಾನು ಗಂಡು ಅಂತ ಜೋರಾಗಿ ಹೇಳಿಕೊಳ್ಳಲು ನನಗಿದ್ದ ಜಾಗ ಅದೊಂದೇ. ಅದಕ್ಕೇ ಆ ಡಾಕ್ಟರಿಗೆ ಹಿಂದಿ ಅಂದಿದ್ದು, ಬೇಕಂತಲೇ. ಮೊದಲ ದಿನವೇ ಇದನ್ನೆಲ್ಲ ಅವರಿಗೆ ಹೇಳಿದೆ. ಅವರು ಬರೆದುಕೊಂಡರು. ಒಳ್ಳೆಯ ಪೆನ್ನು, ಒಳ್ಳೆಯ ಅಕ್ಷರ. ಮೂರು ಸಲ ಹೋದೆ. ನಾಲ್ಕನೇ ಸಲ ತಾಯಿಯನ್ನು ಕರೆದುಕೊಂಡು ಬಾ, ಆಮೇಲೆ ಪತ್ರ ಅಂದರು.

ಅವ್ವ ಆಫೀಸಿಗೆ ಅರ್ಧ ದಿನ ರಜೆ ಹಾಕಿ, ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದಳು. ಡಾಕ್ಟರು ಕೂರಿಸಿ ಉಪಚಾರದ ಮಾತಾಡಿದರು. ಆಮೇಲೆ ಮೆಲ್ಲಗೆ ಕೇಳಿದರು, ಇವಳು ಚಿಕ್ಕಂದಿನಿಂದ ಹಿಂದಿಯನ್ನು ಹೀಗೇ ಮಾತಾಡುತ್ತಾಳಾ ಅಂತ. ‘ಬೋಲ್ತೀ ಹೈ’ ಅಂದರು, ಹೆಣ್ಣಿಗೆ ಅನ್ನುವಂತೆ. ಮೂರು ಸಲ ನನಗೆ ‘ಆಪ್ ಬೋಲ್ತೇ ಹೈಂ’ ಅಂದವರು.

ಅವ್ವ ಗಾಬರಿಯಲ್ಲಿ, ಮಗುವಿನ ಓದಿನ ಬಗ್ಗೆ ದೂರು ಬಂದಿದೆ ಅನ್ನುವಂತೆ, ಸಮರ್ಥನೆಗೆ ನಿಂತಳು: “ಹಾಂ ಸಾಬ್, ಹಮಾರೇ ಘರ್ ಮೇ ಸಬ್ ಐಸಾಚ್. ಮೈ ಭೀ ಐಸಾಚ್ ಬೋಲ್ತಾ!” ನಮ್ಮ ಮನೆಯಲ್ಲಿ ಎಲ್ಲರೂ ಹೀಗೇ, ನಾನೂ ಹೀಗೇ ಮಾತಾಡೋದು ಅಂತ.

ಡಾಕ್ಟರು ನಕ್ಕರು. ಪೆನ್ನಿನ ಮುಚ್ಚಳ ತೆಗೆದರು. “ದೇಖಾ?” ಅಂದರು ನನ್ನ ಕಡೆ ತಿರುಗಿ. “ಬೋಲ್ತಾ. ಹಾಗಾದರೆ ಇವರೂ ಗಂಡಸಾ?” ಆಮೇಲೆ ಇಂಗ್ಲಿಷಿನಲ್ಲಿ ಬರೆಯುತ್ತಾ ಓದಿ ಹೇಳಿದರು: ತನ್ನನ್ನು ಪುಲ್ಲಿಂಗದಲ್ಲಿ ಹೇಳಿಕೊಳ್ಳುವುದು ಮಾತೃಭಾಷೆಯ ಪ್ರಭಾವದಿಂದಾದ ವ್ಯಾಕರಣ ದೋಷ, ಇಡೀ ಕುಟುಂಬದಲ್ಲಿ ಇದೆ, ಬೇರೆ ಹೇಳಿಕೆಗಳಿಗೂ ಆಧಾರ ಸಾಲದು, ಒಂದು ವರ್ಷ ಗಮನಿಸುವುದು. ಪತ್ರ ಇಲ್ಲ.

ನನಗೆ ಸಿಟ್ಟೂ ಬರಲಿಲ್ಲ. ತಟ್ಟೆಯ ಅನ್ನದ ಜೊತೆ ಕೂದಲು ಬಾಯಿಗೆ ಬಂದಂತೆ ಆಯಿತು. ಎಳೆಯಬೇಕು, ಆದರೆ ಗಂಟಲಿನವರೆಗೂ ಇದೆ. ನನ್ನ ಗೇಜ್ ತೂತಿನ ಅಳತೆ ಹೇಳಿತ್ತು. ಒಳಗಿನ ಬಿರುಕು ಯಾವ ಗೇಜೂ ಹೇಳುವುದಿಲ್ಲ.

ಬಸ್ ಸ್ಟಾಪಿಗೆ ಬಂದು ಬೆಂಚಿನ ಮೇಲೆ ಕೂತೆವು. ಒಪ್ಪಂದದ ಪ್ರಕಾರ ನನ್ನ ಮಾತು ಮುಗಿದಿತ್ತು. ಮನೆಯಲ್ಲಿ ಇನ್ನು ಎತ್ತುವಂತಿಲ್ಲ. ಪಕ್ಕದಲ್ಲಿದ್ದ ಒಬ್ಬ ಮುದುಕರು ತಮ್ಮ ರೂಟು ಹೇಳಿ, ಬಂದ ಬಸ್ಸು ಅದೇನಾ ಅಂತ ಕೇಳಿದರು. ನಾನು ಸುಮ್ಮನೆ, “ಆಪ್‌ಕೀ ಬಸ್ ಆಗಯೀ, ಚಾಚಾ” ಅಂದೆ. ಅವರು ಹತ್ತಿಕೊಂಡು ಹೋದರು.

ಅವ್ವ ನನ್ನನ್ನೇ ನೋಡುತ್ತಿದ್ದಳು.

“ಬಸ್ಸಿಗೆ ಏನಂದಿ?”

“ಆಗಯೀ ಅಂದೆ. ಬಸ್ಸು ಹಿಂದಿಯಾಗ ಹೆಣ್ಣವ್ವ.”

“ನಾ ಆಗಯಾ ಅಂತೀನಿ.”

“ನೀ ತಪ್ಪು ಅಂತಿ.”

“ಚಪ್ಪಲಿ?”

“ಟೂಟ್ ಗಯೀ. ಹೆಣ್ಣು.”

“ನೀರು?”

“ಪಾನೀ ಆಯಾ. ಅದು ಗಂಡು.”

“ಮೊಸರು?”

“ದಹೀ ಖಟ್ಟಾ. ಗಂಡು. ಅದನ್ನ ಭಾಳ ಮಂದಿ ತಪ್ಪು ಮಾಡ್ತಾರ.”

“ನೀ ಮಾಡಂಗಿಲ್ಲ?”

“ಇಲ್ಲ.”

ಅವ್ವ ಸೀರೆಯ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. ಇನ್ನೊಂದು ಬಸ್ಸು ಬಂತು, ನಮ್ಮದೇ. ಅವಳು ಏಳಲಿಲ್ಲ.

“ಮತ್ತ ನೀನು?”

“ಆಯಾ” ಅಂದೆ. “ಮೈ ಆಯಾ.”

“ಎಲ್ಲಾ ಬರೋಬ್ಬರಿ ಅಂತಿ, ನಿಂದೊಂದ ತಪ್ಪು ಅಂತಿ?”

“ಅದೂ ತಪ್ಪಲ್ಲವ್ವ.”

ಬಸ್ಸು ಹೋಯಿತು. ಅವ್ವ ತನಗೆ ತಾನೇ ಹೇಳಿಕೊಂಡಂತೆ, “ಅಂದ್ರ ನಾ ಅಲ್ಲಿ ಕುಂತು ಸುಳ್ಳು ಸಾಕ್ಷಿ ಹೇಳಿ ಬಂದೆ” ಅಂದಳು. ಆಫೀಸಿನಲ್ಲಿ ಯಾರೋ ತಪ್ಪು ಫೈಲು ಮೇಲಕ್ಕೆ ಕಳಿಸಿದರೆ ಬರುತ್ತದಲ್ಲ, ಅಂಥ ಸಿಡುಕು.

ಆ ಸಂಜೆ ಅಡುಗೆ ಆಗಲಿಲ್ಲ. ಅವ್ವ ಊಟದ ಮೇಜಿನ ಮೇಲೆ ಬಿಳೀ ಹಾಳೆ ಇಟ್ಟು ಅರ್ಜಿ ಬರೆದಳು. ಇಂಗ್ಲಿಷಿನಲ್ಲಿ, ಪಕ್ಕಾ ಆಫೀಸಿನ ಧಾಟಿ. ವಿಷಯ: ತಮ್ಮ ಮುಂದೆ ನಾನು ನೀಡಿದ ಹೇಳಿಕೆಯ ತಿದ್ದುಪಡಿ ಕುರಿತು. ಒಳಗೆ ಇಷ್ಟೇ: ನನ್ನ ಹಿಂದಿ ತಪ್ಪು. ನನ್ನ ಮಗುವಿನ ಹಿಂದಿ ಸರಿ. ಪರೀಕ್ಷಿಸಿ ನೋಡಿದ್ದೇನೆ. ಎರಡನ್ನೂ ಒಂದೇ ಎಂದು ಪರಿಗಣಿಸಬಾರದೆಂದು ಕೋರಿಕೆ. ‘ಡಾಟರ್’ ಅಂತ ಬರೆಯಲು ಹೋಗಿ ಪೆನ್ನು ನಿಲ್ಲಿಸಿ ‘ಚೈಲ್ಡ್’ ಅಂತ ಬರೆದಿದ್ದನ್ನು ನಾನು ಪಕ್ಕದಿಂದ ನೋಡಿದೆ.

ಮಾರನೇ ದಿನ ಆಫೀಸಿಗೆ ಹೋಗುವ ಮೊದಲು ತಾನೇ ಹೋಗಿ ಕೊಟ್ಟು ಬಂದಳು. ರಿಸೆಪ್ಷನ್ನಿನಲ್ಲಿ ಸ್ವೀಕೃತಿ ಸಹಿ ಹಾಕಿಸಿಕೊಂಡು ಬಂದಳು, ಅವಳಲ್ಲವೇ. ವಾರ ಬಿಟ್ಟು ನಾನು ಫೈಲಿನ ಪ್ರತಿ ತರಲು ಹೋದರೆ, ಆ ಒಳ್ಳೆಯ ಅಕ್ಷರದಲ್ಲಿ ಕೆಳಗೆ ಒಂದು ಸಾಲು ಸೇರಿತ್ತು: ತಾಯಿಯೂ ಈಗ ರೋಗಿಯ ಪ್ರಭಾವಕ್ಕೆ ಒಳಗಾಗಿದ್ದಾರೆ.

ಓದಿ ಹೇಳಿದೆ. ಅವ್ವ, “ಥೂ” ಅಂದಳು. ನನ್ನ ಜೀವಮಾನದಲ್ಲಿ ಅವ್ವ ಒಂದು ಕಾಗದಕ್ಕೆ ಥೂ ಅಂದಿದ್ದು ಅದೊಂದೇ ಸಲ. ತಪ್ಪು ಹೇಳಿದಾಗ ಅವಳು ಸಾಕ್ಷಿ, ಸರಿ ಹೇಳಿದಾಗ ಅವಳೂ ರೋಗಿ! ಒಪ್ಪಂದದ ಮಾತನ್ನು ಅವಳೇ ಎತ್ತಿದಳು. “ಕಾಗದ ಬರಲಿಲ್ಲ ಖರೆ. ಆದ್ರ ಇದು ತಿರಸ್ಕಾರ ಆಗಿಲ್ಲ, ಫೈಲು ತಪ್ಪು ಟೇಬಲ್ಲಿಗೆ ಹೋಗೇತಿ. ಬ್ಯಾರೆ ಟೇಬಲ್ ನೋಡು.”

ಬೇರೆ ಟೇಬಲ್ ತೋರಿಸಿದ್ದು ನಮ್ಮ ಶಾಪಿನ ಅಂಜಯ್ಯಣ್ಣ. ಲೇತ್ ನಡೆಸುವವರು, ಐವತ್ತು ದಾಟಿದವರು. ನಾನು ಟ್ಯಾಂಕಿನ ಹತ್ತಿರ ಫೋನಿನಲ್ಲಿ ಗಂಟಲು ಹರಿದುಕೊಳ್ಳುವುದನ್ನು ಎಷ್ಟು ದಿನದಿಂದ ನೋಡಿದ್ದರೋ. ಒಂದು ದಿನ ಕೈಗೆ ಹತ್ತಿದ ಎಣ್ಣೆ ಒರೆಸುತ್ತಾ ಬಂದು, ಏನು ಎತ್ತ ಕೇಳದೆ, ತಮ್ಮ ಮಗಳು ಪರೀಕ್ಷೆಯಲ್ಲಿ ಕುಸಿದಾಗ ತೋರಿಸಿದ ಸೈಕಾಲಜಿಸ್ಟ್ ಮೇಡಂ ನಂಬರ್ ಕೊಟ್ಟರು. “ಆಮೆ ಎಕ್ಕುವ ಮಾಟ್ಲಾಡದು ಬಿಡ್ಡಾ. ವಿಂಟದಿ” ಅಂದರು. ಹೆಚ್ಚು ಮಾತಾಡುವುದಿಲ್ಲ, ಕೇಳಿಸಿಕೊಳ್ಳುತ್ತಾಳೆ ಅಂತ.

ನಾಚಾರಂನಲ್ಲಿ ಟೈಲರ್ ಅಂಗಡಿಯ ಮೇಲಿನ ಕೋಣೆ. ಕೆಳಗೆ ಹೊಲಿಗೆ ಮಷಿನ್ನು ಕಟಕಟ, ಮೇಲೆ ಫ್ಯಾನು ಕಿರ್ ಕಿರ್. ಮೇಡಂ ಅರ್ಧ ಗಂಟೆ ತಡವಾಗಿ, ಬೆವರು ಒರೆಸಿಕೊಳ್ಳುತ್ತಾ ಬಂದರು. ನಾನು ಅಷ್ಟೊತ್ತಿಗೆ ಬೈದುಕೊಂಡು ಎದ್ದು ನಿಂತಿದ್ದೆ. ಗೇಜ್ ಪ್ರಶ್ನೆ ಎರಡನ್ನೂ ಮುಖದ ಮೇಲೆ ಎಸೆದೆ. ಹೌದು ಅಂದರು, ಇಲ್ಲ ಅಂದರು. “ಔರ್ ಕುಛ್?” ಇನ್ನೇನಾದರೂ ಇದೆಯಾ ಅಂದರು. ನನಗೆ ಅಳು ಬರುವಂತಾಯಿತು, ಆದರೆ ಅದು ಸಮಾಧಾನದ ಅಳುವಲ್ಲ, ಆ ದೊಡ್ಡ ಡಾಕ್ಟರೂ ಇದೇ ಎರಡು ಉತ್ತರ ಕೊಟ್ಟಿದ್ದರು. ನಂಬುವುದು ಹೇಗೆ? ಬ್ಯಾಗಿನಿಂದ ಆ ಫೈಲಿನ ಪ್ರತಿ, ಅವ್ವನ ಅರ್ಜಿ ಎರಡನ್ನೂ ತೆಗೆದು ಮೇಜಿನ ಮೇಲಿಟ್ಟೆ. ಓದಲಿ, ಓದಿ ನಗಲಿ, ಮುಗಿದುಹೋಗಲಿ ಅಂತ.

ಅವರು ಅರ್ಜಿಯನ್ನು ಎರಡು ಸಲ ಓದಿದರು. ನಗಲಿಲ್ಲ. “ನನಗೆ ಕನ್ನಡ ಬರೋದಿಲ್ಲ” ಅಂದರು ನಮ್ಮ ಹೈದರಾಬಾದಿನದೇ ಹಿಂದಿಯಲ್ಲಿ. “ಕನ್ನಡದಲ್ಲಿ ಅಮ್ಮ ನಿಮ್ಮನ್ನ ಕರೀವಾಗ ಗಂಡೋ ಹೆಣ್ಣೋ ಗೊತ್ತಾಗುತ್ತಾ? ಹೇಗೆ? ಹೇಳಿಕೊಡಿ.”

ಆ ಬೇಸಿಗೆಯಲ್ಲಿ ಅಷ್ಟು ಜನ ಅಷ್ಟು ಪ್ರಶ್ನೆ ಕೇಳಿದ್ದರು. ತಮಗೆ ಗೊತ್ತಿಲ್ಲ ಅಂತ ಕೇಳಿದವರು ಇವರೊಬ್ಬರೇ. ‘ಅಕಿ’ ಅಂದರೆ ಹೆಣ್ಣು, ‘ಅಂವ’ ಅಂದರೆ ಗಂಡು, ಮತ್ತು ನಮ್ಮ ಅವ್ವ ಈಗ ಎರಡೂ ಬಿಟ್ಟು ‘ಕೂಸು ಬಂತು, ಕೂಸು ಉಂಡೈತಿ’ ಅನ್ನಲು ಶುರು ಮಾಡಿದ್ದಾಳೆ, ಇಪ್ಪತ್ತೆರಡು ವರ್ಷದ ಕೂಸು ಅಂತ ಹೇಳಿದೆ. ಆಗ ನಕ್ಕರು. ನಾನೂ ನಕ್ಕೆ. ಒಂದು ಸಲ ಬಾಯಿ ತಪ್ಪಿ ನನಗೆ ‘ಆಯೀ’ ಅಂದರು, ‘ಆಯಾ’ ಅಂತ ತಿದ್ದಿಕೊಂಡು ಮುಂದೆ ಹೋದರು. ಕ್ಷಮೆಯ ನಾಟಕ ಇಲ್ಲ, ಧೈರ್ಯಸ್ಥ ಅನ್ನುವ ಹೊಗಳಿಕೆ ಇಲ್ಲ. ಆರು ಸಲ ಹೋದೆ. ಪ್ರತಿ ಸಲವೂ ತಡವಾಗಿಯೇ ಬಂದರು, ಅದೊಂದು ಬುದ್ಧಿ ಕೊನೆಗೂ ಹೋಗಲಿಲ್ಲ.

ಮಳೆ ಹಿಡಿದ ಮೇಲೆ, ಆಗಸ್ಟಿನ ಒಂದು ಶನಿವಾರ ಪತ್ರ ಸಿಕ್ಕಿತು. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಅಂಗಿಯೊಳಗೆ ಇಟ್ಟುಕೊಂಡು ಮನೆಗೆ ತಂದೆ. ಅವ್ವ ಕನ್ನಡಕ ಹಾಕಿಕೊಂಡು ಮೊದಲು ದಿನಾಂಕ ನೋಡಿದಳು, ಆಮೇಲೆ ಸಹಿ, ಆಮೇಲೆ ಸೀಲು. ಕೊನೆಗೆ ಒಕ್ಕಣೆ.

“ಇಷ್ಟನ?” ಅಂದಳು.

“ಇಷ್ಟ.”

“ನಾಕ ಸಾಲೈತಲ್ಲೋ!”

‘ಅಲ್ಲೋ’ ಅಂದಳು. ಗೊತ್ತಾಗಿ ಅಂದಳೋ ಗೊತ್ತಾಗದೆ ಅಂದಳೋ, ನಾನು ಕೇಳಲಿಲ್ಲ, ಅವಳೂ ತಿದ್ದಿಕೊಳ್ಳಲಿಲ್ಲ.

ಹೌದು, ನಾಲ್ಕೇ ಸಾಲು. ಈ ವ್ಯಕ್ತಿಯನ್ನು ಇಷ್ಟು ಸಲ ನೋಡಿದ್ದೇನೆ, ಇವರು ತಿಳಿದು ನಿರ್ಧಾರ ತೆಗೆದುಕೊಳ್ಳಬಲ್ಲರು, ಚಿಕಿತ್ಸೆ ಶುರು ಮಾಡಬಹುದು, ಸಂದೇಹವಿದ್ದರೆ ನನ್ನನ್ನು ಕೇಳಿ. ಆ ದಿನ ನಾನು ಕುಣಿಯಬೇಕಿತ್ತು. ಕುಣಿಯಲಿಲ್ಲ. ಅಡುಗೆಮನೆಯ ಕಟ್ಟೆಗೆ ಒರಗಿಕೊಂಡು ಆ ನಾಲ್ಕು ಸಾಲು ನೋಡುತ್ತಾ ನನಗೆ ಮತ್ತೆ ಅಸಹ್ಯವೇ ಆಯಿತು. ಇದನ್ನು ಬರೆಯುವ ಬದಲು ಒಬ್ಬ ನನಗೆ ವರ ಹುಡುಕಿದ, ಒಬ್ಬಳು ನನ್ನ ಸ್ನಾನದ ಮಾತನ್ನು ಕ್ಲಾಸಿಗೆ ಕೇಳಿಸಿದಳು, ಒಬ್ಬ ವ್ಯಾಕರಣ ತಿದ್ದಿದ. ನನಗಾದರೋ ಸ್ವೀಕೃತಿ ಸಹಿ ಹಾಕಿಸಿಕೊಂಡು ಬರುವ ಅವ್ವ ಇದ್ದಳು. ಚಿಗವ್ವನಂಥವರೇ ಮನೆತುಂಬ ಇರುವವರು ಏನು ಮಾಡುತ್ತಾರೆ? ಮೊದಲ ಬಾಗಿಲಿನಲ್ಲೇ ವಾಪಸು ಹೋಗಿ, ತಪ್ಪು ತಮ್ಮದೇ ಅಂದುಕೊಂಡು ಸುಮ್ಮನಾದವರು ಎಷ್ಟಿದ್ದಾರೋ.

ಅದಕ್ಕೇ ನಿಮ್ಮಲ್ಲಿ ಒಂದು ಕೇಳಿಕೆ. ನೀವು ಹೋದ ಬಾಗಿಲುಗಳ ಕಥೆ ಕೆಳಗೆ ಬರೆಯಿರಿ. ನಿಮ್ಮ ಹೆಸರು ಬೇಡ, ಊರು ಬೇಡ, ಡಾಕ್ಟರ ಹೆಸರೂ ಬೇಡ, ಯಾರ ಪೈಕಿ ಅಂತೂ ನಾನು ಕೇಳುವುದಿಲ್ಲ. ಪತ್ರ ಸಿಕ್ಕಿದ್ದರೂ ಬರೆಯಿರಿ, ಸಿಗದಿದ್ದರಂತೂ ಬರೆಯಲೇಬೇಕು. ಒಳ್ಳೆಯವರು ಸಿಕ್ಕಿದ್ದರೆ ಅವರು ಏನು ಮಾಡಿದರು ಅಂತ ಬಿಡಿಸಿ ಹೇಳಿ, ಅದನ್ನು ಓದಿ ಇನ್ನೊಬ್ಬರಿಗೆ ಗುರುತು ಸಿಗಲಿ. ಎಲ್ಲಿಂದ ಶುರು ಮಾಡಬೇಕು ಅಂತ ತಿಳಿಯದಿದ್ದರೆ ಇಷ್ಟೇ ಬರೆಯಿರಿ: ಕುರ್ಚಿಯಲ್ಲಿ ಕೂತ ಮೇಲೆ ನಿಮ್ಮನ್ನು ಮೊದಲು ಏನು ಕೇಳಿದರು?